ಕೆಂದಿಯ ಹೆಸರಿನ ಶೀಶೆ

ನಮ್ಮ ಊರಿನಲ್ಲಿ ದನಗಳನ್ನು ಯಾರೂ ಸಾಕುವುದಿಲ್ಲ, ದನಗಳೇ ಮನೆ ಹಿಡಿಯುತ್ತವೆ. ವರ್ಷಕ್ಕೊಮ್ಮೆ, ಹಿಂಗಾರಿ ಬಿತ್ತನೆ ಮುಗಿದ ಮರುದಿನ ಬೆಳಿಗ್ಗೆ, ಎಲ್ಲರೂ ಕೊಟ್ಟಿಗೆಯ ಹಗ್ಗ ಬಿಚ್ಚಿ ದನಗಳನ್ನು ಕೆರೆಯ ಹಿಂದಿನ ಬಯಲಿಗೆ ಬಿಟ್ಟು ಬರುತ್ತಾರೆ. ಆಮೇಲೆ ಮನೆಯ ಬಾಗಿಲು ತೆರೆದಿಟ್ಟು, ಕೈ ಹಿಂದೆ ಕಟ್ಟಿಕೊಂಡು ಹೊಸ್ತಿಲ ಪಕ್ಕ ನಿಲ್ಲಬೇಕು. ಕರೆಯುವಂತಿಲ್ಲ, ಹಿಂಡಿ ತೋರಿಸುವಂತಿಲ್ಲ, ಜೋರಾಗಿ ಕೆಮ್ಮಿದರೂ ಜನ ತಿರುಗಿ ನೋಡುತ್ತಾರೆ. ಹೊತ್ತು ಏರಿದ ಹಾಗೆ ದನಗಳು ಒಂದೊಂದಾಗಿ ಊರೊಳಗೆ ಬಂದು ತಮಗೆ ಬೇಕಾದ ಮನೆ ಹೊಗುತ್ತವೆ. ಹೊಕ್ಕ ಮನೆಯಲ್ಲೇ ಒಂದು ವರ್ಷ. ಆ ಮನೆಯಲ್ಲೂ ಒಬ್ಬರ ಕೈಗೆ ಮಾತ್ರ ಒಲಿಯುತ್ತವೆ, ಬೇರೆಯವರು ಮುಟ್ಟಿದರೆ ಒದೆಯುತ್ತವೆ. ಕಾಯಿಲೆ ಬಿದ್ದ ದನಕ್ಕಷ್ಟೇ ವರ್ಷದ ನಡುವೆ ಹಗ್ಗ ಬಿಚ್ಚುತ್ತೇವೆ, ಎಲ್ಲಿ ಮಲಗಿ ನರಳಬೇಕೆಂದು ಅದೇ ನೋಡಿಕೊಳ್ಳಲಿ ಅಂತ.

ಇದರಲ್ಲಿ ವಿಶೇಷವೇನಿದೆ ಎಂದು ನಮಗೆ ಗೊತ್ತಿಲ್ಲ. ಹೊರಗಿನಿಂದ ಬಂದವರು ಬಾಯಿ ಬಿಡುತ್ತಾರೆ, ನಾವು ಅವರಿಗೆ ಚಹಾ ಕೊಟ್ಟು ಕಳಿಸುತ್ತೇವೆ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮೊದಲು ಕೊಟ್ಟಿಗೆ ನೋಡುತ್ತಾರೆ, ಹುಡುಗಿಯನ್ನು ಆಮೇಲೆ. ದನ ಬರುವ ಮನೆಗೆ ಅಗಲವಾದ ಬಾಗಿಲು. ಬಾರದ ಮನೆಯವರು ನಾಲ್ಕೈದು ವರ್ಷ ಕಾದು, ಥಂಡಿ ಗಾಳಿ ಬಹಳ ಬರುತ್ತದೆಂದು ನೆಪ ಹೇಳಿ, ಗೌಂಡಿಯನ್ನು ಕರೆಸಿ ಬಾಗಿಲು ಸಣ್ಣದು ಮಾಡಿಸಿಕೊಳ್ಳುತ್ತಾರೆ. ಓಣಿಯಲ್ಲಿ ಒಂದು ಸುತ್ತು ಬಂದರೆ ಸಾಕು, ಯಾವ ಮನೆಯವರ ಮುಖ ಹೇಗಿದ್ದೀತು ಎಂದು ಬಾಗಿಲು ನೋಡಿಯೇ ಹೇಳಬಹುದು.

ನಾನು ಕಾಶವ್ವ. ಊರ ದನದ ದವಾಖಾನೆಯಲ್ಲಿ ಕೆಲಸಕ್ಕಿದ್ದೆ. ಕಸ ಹೊಡೆಯುವುದು, ಪಟ್ಟಿ ಬರೆಯುವುದು, ಐಸ್ ಪೆಟ್ಟಿಗೆಯ ಕೀಲಿಕೈ ಇಟ್ಟುಕೊಳ್ಳುವುದು. ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿವೆ. ನನ್ನ ಗಂಡ ಹಗ್ಗ ಹೊಸೆಯುತ್ತಾರೆ, ಮಾತು ಕಡಿಮೆ. ನನ್ನದು ಹೊಟ್ಟೆಕಿಚ್ಚಿನ ಸ್ವಭಾವ. ಮುಚ್ಚಿಟ್ಟು ಏನು ಮಾಡಲಿ? ಚಿಕ್ಕಂದಿನಲ್ಲಿ ತಂಗಿಯ ಜಡೆ ನನ್ನದಕ್ಕಿಂತ ಉದ್ದವಾಯಿತೆಂದು ಅದನ್ನು ಕತ್ತರಿಸಲು ಹೋಗಿ ಅವ್ವನಿಂದ ಬರೆ ಹಾಕಿಸಿಕೊಂಡವಳು ನಾನು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಆ ಸ್ವಭಾವ ಸ್ವಲ್ಪ ತಣ್ಣಗಾಯಿತು. ಅದಕ್ಕೆ ಕಾರಣ ಕೆಂದಿ.

ಹನ್ನೊಂದು ವರ್ಷ ಕೆಂದಿ ನಮ್ಮ ಮನೆಯನ್ನೇ ಹಿಡಿದಿತ್ತು. ಕೆಂಪು ಬಣ್ಣ, ಹಣೆಯ ಮೇಲೆ ಕೈಯಗಲ ಬಿಳುಪು, ಎಡಗೊಂಬು ಒಂದಿಷ್ಟು ಕೆಳಗೆ ಬಾಗಿದೆ. ಹಗ್ಗ ಬಿಚ್ಚುವ ದಿನ ಬಯಲಿನಿಂದ ಮೊದಲು ಹೊರಡುತ್ತಿದ್ದದ್ದೇ ಅದು. ಆ ಕಡೆ ಈ ಕಡೆ ನೋಡದೆ, ಸಂತೆಯಿಂದ ಮನೆಗೆ ಹೊರಟ ಹೆಂಗಸಿನ ಹಾಗೆ, ನೇರ ಬಂದು ನಮ್ಮ ಹೊಸ್ತಿಲು ದಾಟುತ್ತಿತ್ತು. ಉಳಿದವರಿಗೆ ದನ ಒಂದು ವರ್ಷ ಬಂದರೆ ಎರಡು ವರ್ಷ ಇಲ್ಲ. ನನಗೆ ಹಾಗಲ್ಲ. ಜನ ಅದನ್ನು ಕಾಶವ್ವನ ಕೆಂದಿ ಎನ್ನುತ್ತಿದ್ದರು, ಯಾರ ಹೆಸರನ್ನೂ ದನದ ಜೊತೆ ಸೇರಿಸುವ ರೂಢಿ ನಮ್ಮಲ್ಲಿಲ್ಲದಿದ್ದರೂ. ಆ ಮಾತು ಕೇಳಿದಾಗಲೆಲ್ಲ ನಾನು ಕೇಳಿಸಲೇ ಇಲ್ಲವೆಂಬಂತೆ ಇರುತ್ತಿದ್ದೆ, ಇನ್ನೊಮ್ಮೆ ಹೇಳಲಿ ಅಂತ.

ಗೋಡೆಯಾಚೆ ನನ್ನ ಮೈದುನ ಮಹಾರುದ್ರನ ಮನೆ. ಅವನ ಹೆಂಡತಿ ಸಿದ್ದವ್ವ. ನೆಗೆಣ್ಣಿಯಾದರೂ ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳು ಈ ಊರಿಗೆ ಬಂದು ಒಂಬತ್ತು ವರ್ಷವಾಗಿತ್ತು, ಒಂದು ಕರು ಕೂಡ ಅವರ ಮನೆಯ ಕಡೆ ಮುಖ ಮಾಡಿರಲಿಲ್ಲ. ಐದನೆಯ ವರ್ಷ ಬಾಗಿಲು ಸಣ್ಣದು ಮಾಡಿಸಿದ್ದರು. ನಾನು ದಿನಾ ಬೆಳಿಗ್ಗೆ ಹಿತ್ತಾಳೆ ಚೆರಿಗೆಯಲ್ಲಿ ಅವಳಿಗೆ ಮಜ್ಜಿಗೆ ಕಳಿಸುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಊರೆಲ್ಲ ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತಿತ್ತು. ಮಜ್ಜಿಗೆ ಕೊಡುವುದರಲ್ಲಿ ಎಂಥ ಸುಖವಿದೆ ಎಂದು ದನವಿದ್ದವರಿಗೆ ಮಾತ್ರ ಗೊತ್ತು. ಸಿದ್ದವ್ವ ಎರಡೂ ಕೈಯಲ್ಲಿ ಚೆರಿಗೆ ಹಿಡಿದು, "ಯಕ್ಕಾ, ನೀ ಇದ್ದಿ ಅಂತ ನಮ್ಮನ್ಯಾಗ ಅನ್ನ ಇಳೀತೈತಿ ನೋಡು" ಅನ್ನುತ್ತಿದ್ದಳು. ನಾನು, "ಹೋಗ ಹುಚ್ಚಿ, ಅದೇನ್ ದೊಡ್ಡದು" ಅಂದು ಒಳಗೆ ಬಂದು ಒಂದು ಗಳಿಗೆ ಸುಮ್ಮನೆ ನಗುತ್ತಾ ನಿಲ್ಲುತ್ತಿದ್ದೆ.

ಈ ವರ್ಷ ಹಗ್ಗ ಬಿಚ್ಚಿದ ದಿನ ಕೆಂದಿ ಎಂದಿನಂತೆ ಎಲ್ಲಕ್ಕಿಂತ ಮೊದಲು ಬಂತು. ನಮ್ಮ ಬಾಗಿಲ ಮುಂದೆ ನಿಂತಿತು. ನನ್ನನ್ನು ನೋಡಿತು. ನಾನು ಆಗಲೇ ಮನಸ್ಸಿನಲ್ಲಿ ಅದರ ಮುಸುರೆ ಕಲಸುತ್ತಿದ್ದೆ. ಅದು ತಲೆ ತಿರುಗಿಸಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಸಿದ್ದವ್ವನ ಬಾಗಿಲಲ್ಲಿ ನಿಂತಿತು. ಅವಳು ಕೈ ಕೂಡ ಕಟ್ಟಿಕೊಂಡಿರಲಿಲ್ಲ, ಒಲೆಗೆ ಕಟ್ಟಿಗೆ ಹಿಡಿದುಕೊಂಡು ಬಂದವಳು ಹಾಗೇ ನಿಂತುಬಿಟ್ಟಳು. ಕೆಂದಿ ತಲೆ ತೂರಿಸಿತು, ಭುಜ ತೂರಿಸಿತು, ಹೊಟ್ಟೆ ಚೌಕಟ್ಟಿಗೆ ಸಿಕ್ಕಿಕೊಂಡಿತು. ಹಿಂದಕ್ಕೆ ಬರಲಿಲ್ಲ. ಅಲ್ಲೇ ನಿಂತು ಬಾಲ ಬೀಸುತ್ತಿತ್ತು. ಮಹಾರುದ್ರ ಕಿಟಕಿ ಹಾರಿ ಹೊರಗೆ ಬಂದು ಹಾರೆ ತಂದು ಗೋಡೆ ಒಡೆಯತೊಡಗಿದ. ಓಣಿಯ ಜನ ಕೇಕೆ ಹಾಕಿದರು, ಕೆಲವರು ಕಣ್ಣು ಒರೆಸಿಕೊಂಡರು. ಸಿದ್ದವ್ವ ಮಣ್ಣಿನ ಧೂಳಿನಲ್ಲಿ ಕೆಂದಿಯ ಮುಖ ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಕೈ ಹಿಂದೆ ಕಟ್ಟಿಕೊಳ್ಳುವ ಪದ್ಧತಿ ಯಾಕಿದೆಯೆಂದು ನನಗೆ ಅವತ್ತು ತಿಳಿಯಿತು. ನನ್ನ ಉಗುರು ನನ್ನ ಅಂಗೈಗೆ ನೆಟ್ಟದ್ದು ಯಾರಿಗೂ ಕಾಣಲಿಲ್ಲ.

ನಮ್ಮ ಮನೆಗೆ ಒಂದು ಎಮ್ಮೆ ಬಂತು. ಎಮ್ಮೆ ಬಂದದ್ದಕ್ಕೆ ಯಾರೂ ಬೆಲೆ ಕೊಡುವುದಿಲ್ಲ, ಅದು ಹತ್ತಿರದ ನೆರಳು ನೋಡಿ ನುಗ್ಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಸಿದ್ದವ್ವ ಬಂದಳು. ಕೈಯಲ್ಲಿ ನನ್ನದೇ ಹಿತ್ತಾಳೆ ಚೆರಿಗೆ, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ್ದಳು. ಅದರ ತುಂಬ ಮಜ್ಜಿಗೆಯಲ್ಲ, ಗಟ್ಟಿ ಮೊಸರು.

"ಯಕ್ಕಾ, ಮೊದಲ ನಿನಗ ಕೊಟ್ಟು ಆಮ್ಯಾಲ ನಾವು ಉಣ್ಣೂದು" ಅಂದಳು.

ನಾನು ನಕ್ಕೆ. ಚೆರಿಗೆ ಒಳಗಿಟ್ಟೆ. ಆ ಮೊಸರನ್ನು ನನ್ನ ಗಂಡ ಸುರುಸುರು ಊಟ ಮಾಡಿ, "ಕೆಂದಿ ಹಾಲಿನ ರುಚಿ ಬ್ಯಾರೇನ ಬಿಡು" ಅಂದರು. ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಮರುದಿನ ಮತ್ತೆ ಮೊಸರು ಬಂತು, ಅದರ ಮರುದಿನ ಮತ್ತೆ. ಅವಳ ಮನಸ್ಸಿನಲ್ಲಿ ಕೊಂಕಿದ್ದರೆ ಎಷ್ಟು ಚೆನ್ನಾಗಿತ್ತು, ಜಗಳವಾಡಬಹುದಿತ್ತು. ಕೊಂಕಿರಲಿಲ್ಲ. ನಾನು ಒಂಬತ್ತು ವರ್ಷ ಏನು ಕೊಟ್ಟೆನೋ ಅದನ್ನೇ ನಿಜವಾದ ಪ್ರೀತಿಯಿಂದ ತಿರುಗಿ ಕೊಡುತ್ತಿದ್ದಳು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಹಿತ್ತಲ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಗಿತ್ತು. ಅದನ್ನು ಸರಿಸಿದರೆ ಅವರ ಕೊಟ್ಟಿಗೆ ಕಾಣುತ್ತಿತ್ತು. ಪಾತ್ರೆ ತೊಳೆಯುವ ನೆಪದಲ್ಲಿ ನಾನು ಅಲ್ಲೇ ಕುಳಿತಿರುತ್ತಿದ್ದೆ. ಸಿದ್ದವ್ವ ಕೆಂದಿಗೆ ಮೈ ತಿಕ್ಕುವುದನ್ನು ನೋಡುತ್ತಿದ್ದೆ, ತಪ್ಪು ತಿಕ್ಕುತ್ತಾಳೆ ಎಂದುಕೊಳ್ಳುತ್ತಿದ್ದೆ, ಕೆಂದಿ ಕಣ್ಣು ಮುಚ್ಚಿ ನಿಂತಿರುವುದನ್ನೂ ನೋಡುತ್ತಿದ್ದೆ. ಒಮ್ಮೆ ಕೆಂದಿ ಆ ಸಂದಿಯಿಂದ ನನ್ನನ್ನು ಕಂಡಿತು. ಓಣಿಯಲ್ಲಿ ಹೋಗುವ ಪರಿಚಯದವರನ್ನು ನೋಡುವ ಹಾಗೆ ನೋಡಿ ಮೇವಿಗೆ ಬಾಯಿ ಹಾಕಿತು.

ಎರಡು ತಿಂಗಳು ಹೀಗೆ ಕಳೆದ ಮೇಲೆ ಹೊಳೆಯಾಚೆಯ ಊರುಗಳಲ್ಲಿ ಕಾಲುಬಾಯಿ ಬೇನೆ ಎದ್ದಿತು. ದನಗಳ ಬಾಯಿಯಲ್ಲಿ ಬೊಬ್ಬೆ, ಗೊರಸಿನ ಸಂದಿಯಲ್ಲಿ ಹುಣ್ಣು, ಜೊಲ್ಲು, ಜ್ವರ. ನಮ್ಮ ದವಾಖಾನೆಯ ಡಾಕ್ಟರ್ ನಸೀಮಾ ಒಂದು ಜೀಪಿನಲ್ಲಿ ಐಸ್ ತುಂಬಿದ ಪೆಟ್ಟಿಗೆ ಹೇರಿಕೊಂಡು ಬಂದರು. ಈ ಊರಿಗೆ ಬಂದು ಒಂದು ವರ್ಷವಾಗಿದ್ದ ಚಿಕ್ಕ ವಯಸ್ಸಿನ ಹೆಂಗಸು. ದವಾಖಾನೆಯ ಅಂಗಳದಲ್ಲಿ ಜನರನ್ನು ಕೂಡಿಸಿ, ಹೆಬ್ಬೆರಳಿನಷ್ಟು ದೊಡ್ಡ ಶೀಶೆಯೊಂದನ್ನು ಎತ್ತಿ ಹಿಡಿದು ಹೇಳಿದರು: "ಹಳೇ ಲಸಿಕೆ ಕೆಲಸ ಶುರು ಮಾಡೋಕೆ ಎರಡು ವಾರ ಬೇಕು. ಬೇನೆ ಅಷ್ಟು ದಿನ ಕಾಯಲ್ಲ. ಇದು ಹೊಸದು. ಬೇನೆ ತರೋ ವೈರಸ್ಸು ಒಂದು ಉದ್ದ ಬರಹ ಇದ್ದ ಹಾಗೆ. ಅದನ್ನು ಬರೆದಿರೋದು ಆರ್‌ಎನ್‌ಎ ಅನ್ನೋ ಎಳೆಯಲ್ಲಿ. ನಾವು ಆ ಎಳೆಯ ಒಂದು ಸಣ್ಣ ತುಂಡನ್ನ ಮಾತ್ರ ಪ್ರಯೋಗಶಾಲೆಯಲ್ಲಿ ಮಾಡಿದ್ದೀವಿ. ತುಂಡಿಗೆ ಬೇನೆ ತರೋ ಶಕ್ತಿ ಇಲ್ಲ. ಆದರೆ ದನದ ಮೈ ಅದನ್ನ ಕಂಡ ಕೂಡಲೇ ಕಳ್ಳ ಬಂದ ಅಂತ ತಿಳಿದು ಒಂದೇ ದಿನದಲ್ಲಿ ಬಾಗಿಲೆಲ್ಲ ಹಾಕ್ಕೊಳ್ಳುತ್ತೆ. ನಿಜವಾದ ಕಳ್ಳ ಬಂದಾಗ ಒಳಗೆ ಹೋಗೋಕೆ ದಾರಿ ಇರಲ್ಲ."

ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ ಕೇಳಿದ: "ಅಂದ್ರ ದನಕ್ಕ ಸುಳ್ಳ ಹೇಳೂದೇನ್ರಿ?"

"ಒಂದು ಸಣ್ಣ ಸುಳ್ಳು" ಎಂದು ಡಾಕ್ಟರಮ್ಮ ನಕ್ಕರು.

"ಎಷ್ಟ ದಿನ ನಂಬ್ತಾವ್ರಿ?"

"ಒಂದು ವಾರ. ಅದಕ್ಕೇ ಪ್ರತಿ ಸೋಮವಾರ ಕೊಡಬೇಕು, ಬೇನೆ ಹೊಳೆಯಾಚೆಯಿಂದ ಹೋಗೋತನಕ."

ಊರಿನ ರೀತಿ ಡಾಕ್ಟರಮ್ಮನಿಗೆ ಗೊತ್ತಿತ್ತು. ಒಲಿದ ಕೈ ಬಿಟ್ಟು ಬೇರೆಯವರು ಸೂಜಿ ಹಿಡಿದು ಹೋದರೆ ಪಕ್ಕೆಲುಬು ಮುರಿದುಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಮೂಗಿನೊಳಗೆ ಸಿಂಪಡಿಸುವ ಔಷಧವನ್ನೇ ತರಿಸಿದ್ದರು. ಯಾರ ಮನೆಯ ದನಕ್ಕೆ ಅವರೇ ಸಿಂಪಡಿಸಬೇಕು. ಊರಿನಲ್ಲಿ ಎಂಬತ್ತಮೂರು ದನ, ಎಂಬತ್ತಮೂರು ಶೀಶೆ, ಒಂದೊಂದರ ಮೇಲೂ ದನದ ಹೆಸರು. ಬರೆಯುವವಳು ನಾನು, ಹಂಚುವವಳು ನಾನು. ಕೊನೆಗೆ ಅವರು ಜನರ ಕಡೆ ಕೈ ಮುಗಿದು, ಈ ಬೇನೆ ಬಂದ ದನದ ಹಗ್ಗ ಮಾತ್ರ ದಯವಿಟ್ಟು ಬಿಚ್ಚಬೇಡಿ, ಅದು ಓಣಿಯಲ್ಲಿ ನಡೆದರೆ ಬೇನೆಯೂ ನಡೆಯುತ್ತದೆ ಎಂದರು. ಜನ ಹೂಂ ಎಂದರು. ಸರಕಾರದವರಿಗೆ ನಾವು ಯಾವಾಗಲೂ ಹೂಂ ಎನ್ನುತ್ತೇವೆ.

ನನ್ನನ್ನು ಒಳಗೆ ಕರೆದು ಇನ್ನೊಂದು ಮಾತು ಹೇಳಿದರು. "ಕಾಶವ್ವ, ಗ್ಲೌಸು ಇಲ್ಲದೆ ಈ ಔಷಧದ ಹತ್ತಿರ ಹೋಗಬೇಡಿ. ಆರ್‌ಎನ್‌ಎ ಬಹಳ ನಾಜೂಕು. ನಮ್ಮ ಬೆರಳಿನ ಬೆವರಲ್ಲೇ ಅದನ್ನ ಕತ್ತರಿಸಿ ಹಾಕೋ ವಸ್ತು ಇರುತ್ತೆ. ಬರಿ ಬೆರಳು ಅದ್ದಿದರೆ ಔಷಧ ಮುಗೀತು. ನೋಡೋಕೆ ಮಾತ್ರ ಹಾಗೇ ಇರುತ್ತೆ, ತಿಳಿ ನೀರಿನ ಹಾಗೆ. ಹಾಳಾಗಿದ್ದು ಯಾರಿಗೂ ಗೊತ್ತಾಗಲ್ಲ."

ಕೊನೆಯ ಮಾತನ್ನು ಅವರು ಹೇಳಬಾರದಿತ್ತು.

ಮೊದಲನೆಯ ಸೋಮವಾರ ಎಲ್ಲ ಸರಿಯಾಗಿಯೇ ನಡೆಯಿತು. ಮನೆ ಮನೆಗೆ ಹೋಗಿ ಶೀಶೆ ಮತ್ತು ಒಂದು ಜೊತೆ ಗ್ಲೌಸು ಕೊಟ್ಟು, ಅವರು ಸಿಂಪಡಿಸುವವರೆಗೆ ನಿಂತು, ಪಟ್ಟಿಯಲ್ಲಿ ಗುರುತು ಹಾಕುತ್ತಾ ಬಂದೆ. ಸಿದ್ದವ್ವನ ಮನೆಗೆ ಕೊನೆಗೆ ಹೋದೆ. ಕೆಂದಿ ಔಷಧವೆಂದರೆ ಯಾವಾಗಲೂ ರಂಪ ಮಾಡುತ್ತಿತ್ತು. ನಾನು ಹನ್ನೊಂದು ವರ್ಷ ಅದರ ಕೊಂಬು ಹಿಡಿದು ಮೂಗು ಒತ್ತಿ ಕುಡಿಸಿದವಳು. ಈಗ ಏನು ಪಾಡು ಪಡುತ್ತಾಳೋ ನೋಡೋಣ ಎಂದು ಕಂಬಕ್ಕೆ ಒರಗಿ ನಿಂತೆ. ಸಿದ್ದವ್ವ ಕೊಂಬು ಹಿಡಿಯಲಿಲ್ಲ. "ಬಾರವ್ವಾ" ಅಂದಳು, ಅಷ್ಟೇ. ಕೆಂದಿ ಮುಂದೆ ಬಂದು ಅವಳ ಹೆಗಲ ಮೇಲೆ ಕುತ್ತಿಗೆ ಇಟ್ಟು, ಎರಡೂ ಹೊಳ್ಳೆಗೆ ಸಿಂಪಡಿಸುವವರೆಗೆ ಮಿಸುಕಾಡದೆ ನಿಂತಿತು. ನನ್ನ ಹೆಗಲ ಮೇಲೆ ಅದು ಒಂದು ದಿನವೂ ಕುತ್ತಿಗೆ ಇಟ್ಟದ್ದಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದಿನವೂ ಇಲ್ಲ.

ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಕುಳಿತರೆ ಆ ಹೆಗಲು, ನಿಂತರೆ ಆ ಕುತ್ತಿಗೆ. ವಾರದ ಕೊನೆಗೆ ಒಂದು ವಿಚಾರ ಬಂತು. ಬಂತು ಎನ್ನುವುದು ಸುಳ್ಳು, ಅದು ಡಾಕ್ಟರಮ್ಮ ಮಾತಾಡಿದ ದಿನದಿಂದ ಅಲ್ಲೇ ಇತ್ತು, ನಾನು ಈಗ ಅದಕ್ಕೆ ಮಣೆ ಹಾಕಿದೆ. ಕಾಯಿಲೆ ಬಿದ್ದ ದನದ ಹಗ್ಗ ಬಿಚ್ಚುತ್ತಾರೆ. ಬಿಚ್ಚಿದರೆ ಅದು ಮತ್ತೆ ಮನೆ ಆರಿಸಬೇಕು. ಆರೋಗ್ಯವಾಗಿದ್ದಾಗ ದನ ಹೇಗಾದರೂ ಹುಡುಗಾಟ ಮಾಡಲಿ, ಮೈ ಸುಡುವಾಗ ಹಳೆಯ ಕೈ ನೆನಪಾಗದೇ ಇರುತ್ತದೆಯೆ? ಬೇನೆಯಿಂದ ದೊಡ್ಡ ದನ ಸಾಯುವುದು ಕಡಿಮೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಒಂದು ತಿಂಗಳು ನರಳುತ್ತದೆ. ನಾನು ನೋಡಿಕೊಳ್ಳುತ್ತೇನೆ. ನನ್ನ ಹತ್ತಿರ ಬಂದ ಮೇಲೆ ನಾನು ಹೇಗೆ ನೋಡಿಕೊಳ್ಳುತ್ತೇನೆ ನೋಡಿ!

ಎರಡನೆಯ ಸೋಮವಾರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಶೀಶೆಗಳನ್ನು ಓಣಿಯ ಪ್ರಕಾರ ಜೋಡಿಸುತ್ತಿದ್ದೆ. ಡಾಕ್ಟರಮ್ಮ ಹೊರಗೆ ಫೋನಿನಲ್ಲಿದ್ದರು. ಕೆಂದಿಯ ಹೆಸರಿನ ಶೀಶೆ ಕೈಗೆ ಬಂತು. ನಾನೇ ಬರೆದ ದುಂಡನೆಯ ಅಕ್ಷರ. ಬಲಗೈಯ ಗ್ಲೌಸು ಕಳಚಿದೆ, ಮುಚ್ಚಳ ತಿರುಗಿಸಿದೆ, ಕಿರುಬೆರಳನ್ನು ಒಳಗೆ ಅದ್ದಿದೆ. ತಣ್ಣಗಿತ್ತು. ಎಷ್ಟು ಹೊತ್ತು ಇಟ್ಟಿರಬೇಕೆಂದು ಗೊತ್ತಿರಲಿಲ್ಲ, ಹತ್ತರವರೆಗೆ ಎಣಿಸಿದೆ. ಮುಚ್ಚಳ ಹಾಕಿದೆ, ಬೆರಳು ಸೆರಗಿಗೆ ಒರೆಸಿಕೊಂಡೆ, ಗ್ಲೌಸು ಹಾಕಿಕೊಂಡೆ. ಅಷ್ಟೇ. ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದೆ, ತಿಳಿ ನೀರಿನ ಹಾಗೇ ಇತ್ತು. ಅವತ್ತೂ ಕೆಂದಿ ಸಿದ್ದವ್ವನ ಹೆಗಲ ಮೇಲೆ ಕುತ್ತಿಗೆ ಇಟ್ಟಿತು. ಅವತ್ತು ನನಗೆ ಅಷ್ಟು ಉರಿಯಲಿಲ್ಲ.

ಕೆಂದಿ ಬದುಕಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತಿದ್ದರೆ ಇದನ್ನೆಲ್ಲ ಹೇಳುವ ಮುಖ ನನಗಿರುತ್ತಿರಲಿಲ್ಲ. ಆ ವಾರ ಕೆರೆಯ ನೀರಿನಿಂದ ಬಂತೋ ಗಾಳಿಯಿಂದ ಬಂತೋ, ಬೇನೆ ಹೊಳೆ ದಾಟಿತು. ರವಿವಾರ ಬೆಳಿಗ್ಗೆ ಗೋಡೆಯ ಸಂದಿಯಿಂದ ನೋಡಿದರೆ ಕೆಂದಿಯ ಬಾಯಿಂದ ಜೊಲ್ಲು ದಾರದ ಹಾಗೆ ನೆಲಕ್ಕೆ ಇಳಿಯುತ್ತಿತ್ತು. ಮುಂಗಾಲು ಎತ್ತಿ ಎತ್ತಿ ಇಡುತ್ತಿತ್ತು. ಸಿದ್ದವ್ವ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಗ್ಲೌಸಿನ ವಾಸನಿ ಅದಕ್ಕ ಸೇರೂದಿಲ್ಲ ಅಂತ ನಾ ಅದನ್ನ ತಗದ ಬಿಟ್ಟಿದ್ದೆ" ಎಂದು ಗಂಡನ ಹತ್ತಿರ ಹೇಳುವುದು ಕೇಳಿಸಿತು. "ಔಷಧಕ್ಕೇನ್ ಕೈ ಹಚ್ಚಿಲ್ಲ, ಬರೇ ಶೀಶೆ ಹಿಡದಿದ್ದೆ. ಆದ್ರ ನನ್ನ ಕೈಯಿಂದನ ಆಗೇತಿ ಇದು. ಒಂಬತ್ತ ವರ್ಷ ದನ ಬರದ ಮನೀ ಕೈ ಇದು, ಇದರಾಗ ಏನೋ ಐತಿ."

"ಸುಮ್ನಿರು. ಡಾಕ್ಟರಮ್ಮನ್ನ ಕರಕೊಂಡ ಬರ್ತೀನಿ" ಎಂದು ಮಹಾರುದ್ರ ಹೊರಟ.

ಅವನು ಬರುವವರೆಗೆ ಅವಳು ಕಾಯಲಿಲ್ಲ. ಹಗ್ಗ ಬಿಚ್ಚಿಬಿಟ್ಟಳು. "ನನ್ನ ಕೊಟ್ಟಿಗ್ಯಾಗ ಇದು ಸಾಯೂದು ಬ್ಯಾಡ" ಎಂದು ಅಳುತ್ತಿದ್ದಳು. ನಾನು ಓಡಿ ಬಂದು ನನ್ನ ಹೊಸ್ತಿಲಲ್ಲಿ ನಿಂತೆ, ಕೈ ಹಿಂದೆ ಕಟ್ಟಿಕೊಂಡೆ. ಕೆಂದಿ ಒಡೆದ ಬಾಗಿಲಿನಿಂದ ಹೊರಗೆ ಬಂತು. ಇಪ್ಪತ್ತು ಹೆಜ್ಜೆ ಬರಲು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಪ್ರತಿ ಹೆಜ್ಜೆಗೂ ಗೊರಸು ನೆಲಕ್ಕೆ ತಾಗಿದಾಗ ಮೈ ನಡುಗುತ್ತಿತ್ತು. ನಮ್ಮ ಬಾಗಿಲ ಮುಂದೆ ಬಂದು ನಿಂತಿತು. ಒಳಗೆ ಬಂತು.

ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹೆರಿಗೆಯಾದವರು ಹೀಗೆಯೇ ಇರುತ್ತಾರೇನೋ. ಎಮ್ಮೆಯನ್ನು ಹಿತ್ತಲಿಗೆ ಕಟ್ಟಿದೆ, ಒಲೆ ಹಚ್ಚಿದೆ, ಬಾಯಿಯ ಹುಣ್ಣು ತೊಳೆಯಲು ಪಟಕದ ನೀರು ಕಾಯಿಸಿದೆ, ರಾಗಿ ಅಂಬಲಿ ಮಾಡಿದೆ, ಹಳೆಯ ಮೆತ್ತನೆಯ ಸೀರೆ ಹರಿದು ಹಾಸಿದೆ. ನನ್ನ ಗಂಡ ಹೊಸ ಹಗ್ಗ ತಂದು ಕಟ್ಟಲು ಬಂದರೆ, ಕಟ್ಟೂದೇನ್ ಬ್ಯಾಡ, ಅದೆಲ್ಲಿ ಹೋಗ್ತೈತಿ ಅಂದೆ. ಆಮೇಲೆ ಅದರ ಬಾಯಿ ತೆರೆದು ನೋಡಿದೆ. ನಾಲಿಗೆಯ ಮೇಲಿನ ಚರ್ಮ ಸುಲಿದು ಕೆಂಪಗೆ ಮಾಂಸ ಕಾಣುತ್ತಿತ್ತು. ಒಸಡಿನ ತುಂಬ ಬೊಬ್ಬೆ. ಪಟಕದ ನೀರು ತಾಗಿದಾಗ ಅದು ಒದೆಯಬೇಕಿತ್ತು, ಕೊಂಬು ಬೀಸಬೇಕಿತ್ತು. ಒದೆಯಲಿಲ್ಲ. ತೊಳೆದು ಮುಗಿದ ಮೇಲೆ ಆ ಸುಲಿದ ನಾಲಿಗೆಯಿಂದ ನನ್ನ ಅಂಗೈ ನೆಕ್ಕಿತು. ನಿಧಾನವಾಗಿ, ಒಂದೊಂದೇ ಬೆರಳನ್ನು. ಕಿರುಬೆರಳಿಗೆ ಬಂದಾಗ ನಾನು ಕೈ ಎಳೆದುಕೊಂಡೆ. ಹಿತ್ತಲಿಗೆ ಹೋಗಿ ಆ ಬೆರಳನ್ನು ಬೂದಿ ಹಚ್ಚಿ ತಿಕ್ಕಿ ತೊಳೆದೆ.

ಡಾಕ್ಟರಮ್ಮ ಬಂದರು, ಹಗ್ಗ ಬಿಚ್ಚಿದ್ದಕ್ಕೆ ಕೂಗಾಡಿದರು, ಬೇನೆ ಹರಡದಂತೆ ಓಣಿಗೆಲ್ಲ ಬಟ್ಟೆ ಒಗೆಯುವ ಸೋಡಾದ ನೀರು ಹೊಯ್ಯಿಸಿದರು, ನಮ್ಮ ಎರಡೂ ಮನೆಗಳ ಮುಂದೆ ದನ ಹಾಯದಂತೆ ಹಗ್ಗ ಕಟ್ಟಿಸಿದರು. ಮರುದಿನ ಸೋಮವಾರ. ಮೂರನೆಯ ಸರತಿಯ ಪೆಟ್ಟಿಗೆ ಬರುವ ದಿನ. ಜನರೆಲ್ಲ ದವಾಖಾನೆಯ ಅಂಗಳದಲ್ಲಿ ಸೇರಿದರು. ಡಾಕ್ಟರಮ್ಮನ ಮುಖ ಸಪ್ಪಗಿತ್ತು.

"ಎಂಬತ್ತೆರಡು ದನ ಚೆನ್ನಾಗಿವೆ, ಒಂದಕ್ಕೆ ಮಾತ್ರ ಬಂದಿದೆ" ಎಂದರು. "ಔಷಧವೇ ಸೋತಿದ್ದರೆ ನಾನು ಮೇಲಿನವರಿಗೆ ಹಾಗೇ ಬರೀಬೇಕು. ಬರೆದರೆ ಇವತ್ತಿನ ಪೆಟ್ಟಿಗೆ ತಡೀತಾರೆ. ಹಿಂದಿನ ಔಷಧದ ಬಲ ಇವತ್ತಿಗೆ ಮುಗಿಯುತ್ತೆ. ಬೇನೆ ಊರೊಳಗೇ ಇದೆ. ಕೊಡುವಾಗ ಏನಾದರೂ ತಪ್ಪಾಗಿದ್ದರೆ ಅದು ಬೇರೆ ಮಾತು. ಆಗಿದ್ದರೆ ಹೇಳಿ."

ಸಿದ್ದವ್ವ ಎದ್ದು ನಿಂತಳು. ಕಣ್ಣು ಬಾತುಕೊಂಡಿದ್ದವು.

"ಮೇಡಂರೀ, ನನ್ನಿಂದ ಆಗೇತ್ರಿ" ಅಂದಳು. "ನಾ ಗ್ಲೌಸು ತಗದಿದ್ದೆ. ನನ್ನ ಕೈಯಿಂದ ಕೆಟ್ಟೈತಿ ಅಂತ ಬರೀರಿ. ಊರ ದನಕ್ಕ ಔಷಧ ತಪ್ಪಸಬ್ಯಾಡ್ರಿ."

ಅಂಗಳದಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಎದ್ದಿತು. ಎಂಥ ಹೆಣ್ಣುಮಗಳು ನೋಡು ಎಂದು ಯಾರೋ ಹೇಳಿದರು. ನಾನು ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಿಜ ಹೇಳುತ್ತೇನೆ, ಆಗ ನನಗಾದದ್ದು ಬರಿ ಪಶ್ಚಾತ್ತಾಪವಲ್ಲ. ಮೊಸರು ಕೊಟ್ಟಳು, ಕೆಂದಿಯ ಕುತ್ತಿಗೆ ಹೆಗಲ ಮೇಲೆ ಇಡಿಸಿಕೊಂಡಳು, ಈಗ ನನ್ನ ತಪ್ಪನ್ನೂ ಕಿತ್ತುಕೊಂಡು ಅದರಿಂದಲೂ ದೊಡ್ಡವಳಾಗುತ್ತಿದ್ದಾಳೆ ಅನ್ನಿಸಿತು. ಅದನ್ನು ಅವಳಿಗೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

"ಅಕಿ ಕೈ ಅಲ್ಲ" ಅಂದೆ. ಧ್ವನಿ ಬೇಕಾದದ್ದಕ್ಕಿಂತ ಜೋರಾಗಿ ಬಂತು. "ನಾ ಬೆರಳ ಅದ್ದೇನಿ. ಒಳಗ, ಆ ಕ್ವಾಣ್ಯಾಗ. ಬೇಕಂತ."

ಡಾಕ್ಟರಮ್ಮ ನನ್ನ ಕೈ ನೋಡಿದರು, ಮುಖ ನೋಡಿದರು. "ಯಾಕೆ ಕಾಶವ್ವ?"

"ಅದಕ್ಕ ಬ್ಯಾನಿ ಬಂದ್ರ ಹಗ್ಗ ಬಿಚ್ಚತಾರ, ನಮ್ಮನೀಗೆ ಬರ್ತೈತಿ ಅಂತ."

ಕಾರಣ ಕೇಳಿದವರು ಡಾಕ್ಟರಮ್ಮ ಒಬ್ಬರೇ. ಊರಿನವರು ಯಾರೂ ಯಾಕೆ ಎಂದು ಕೇಳಲಿಲ್ಲ. ಯಾರೂ ಬೈಯಲೂ ಇಲ್ಲ. ಸಣ್ಣ ಬಾಗಿಲಿನ ಮನೆಯ ಕೆಲವರು ತಲೆ ತಗ್ಗಿಸಿದರು. ಡಾಕ್ಟರಮ್ಮ ಕೈ ಚಾಚಿದರು, ನಾನು ಸೊಂಟದಿಂದ ಐಸ್ ಪೆಟ್ಟಿಗೆಯ ಕೀಲಿಕೈ ಬಿಚ್ಚಿ ಕೊಟ್ಟೆ. ಕೆಲಸ ಅವತ್ತಿಗೇ ಹೋಯಿತು. ಪೆಟ್ಟಿಗೆ ಮಧ್ಯಾಹ್ನ ಬಂತು, ಶೀಶೆಗಳನ್ನು ಅವರೇ ಮನೆ ಮನೆಗೆ ಒಯ್ದರು. ಎಂಬತ್ತೆರಡು ದನಗಳಲ್ಲಿ ಒಂದಕ್ಕೂ ಬೇನೆ ತಗುಲಲಿಲ್ಲ. ಮನೆಗೆ ಬಂದಾಗ ನನ್ನ ಗಂಡ ಹಗ್ಗ ಹೊಸೆಯುತ್ತಾ ಕುಳಿತಿದ್ದರು. ಸುದ್ದಿ ನನಗಿಂತ ಮೊದಲೇ ಬಂದಿತ್ತು. "ಕೈ ತೊಳಕೊಂಡು ದನಕ್ಕ ಅಂಬಲಿ ಹಾಕು" ಅಂದರು.

ಸಂಜೆ ಸಿದ್ದವ್ವ ಬಂದಳು. ಅವಳು ಬರುತ್ತಾಳೆಂದು ನನಗೆ ಗೊತ್ತಿತ್ತು. ಕೂದಲು ಹಿಡಿಯುತ್ತಾಳೆ, ಉಗುಳುತ್ತಾಳೆ, ಏನು ಮಾಡಿದರೂ ಸುಮ್ಮನಿರಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಅವಳು ಕೊಟ್ಟಿಗೆಯ ಅಡ್ಡಗಟ್ಟಿಗೆಯ ಆಚೆ ನಿಂತು ಕೆಂದಿಯನ್ನು ನೋಡಿದಳು. ನಾನು ಅಂಬಲಿಯ ಬಟ್ಟಲು ಹಿಡಿದುಕೊಂಡು ಕುಳಿತಿದ್ದೆ.

"ಬಾಯಿ ತೆರೀತೈತೇನು?" ಎಂದು ಕೇಳಿದಳು.

"ಸ್ವಲ್ಪ ಸ್ವಲ್ಪ."

"ನಿನ್ನ ಕೈಗೆ?"

"ಹೂಂ."

"ಕೊಡು ಇಲ್ಲೆ."

ಬಟ್ಟಲು ಕೊಟ್ಟೆ. ಅವಳು ಬಗ್ಗಿ ಅಡ್ಡಗಟ್ಟಿಗೆಯ ಕೆಳಗಿನಿಂದ ಒಳಗೆ ಬಂದು, "ಬಾರವ್ವಾ" ಅಂದಳು. ಕೆಂದಿ ಮುಖ ತಿರುಗಿಸಿತು. ಆ ಕಡೆ ಹೋಗಿ ಮತ್ತೆ ಬಟ್ಟಲು ಹಿಡಿದಳು. ಅದು ನರಳುತ್ತಾ ಈ ಕಡೆ ತಿರುಗಿ ನನ್ನ ಮೊಣಕಾಲಿಗೆ ಮೂಗು ಒತ್ತಿತು. ಸಿದ್ದವ್ವ ಬಟ್ಟಲನ್ನು ನನ್ನ ಮುಂದೆ ಇಟ್ಟು, ಅಲ್ಲೇ ನೆಲದ ಮೇಲೆ ಕುಳಿತಳು. ಅವಳು ಸಮಾಧಾನವಾಗಿಯೇ ಮಾತಾಡಿದಳು.

"ಬೆರಳ ಅದ್ದಿದಾಕಿ ನೀನು. ನಾ ಎರಡ ತಿಂಗಳಿಂದ ಇದರ ಬಾಜೂಕ ಮಲಗೀನಿ, ಕೆಮ್ಮಿದ್ರ ಎದ್ದೀನಿ. ಹಗ್ಗ ಬಿಚ್ಚಿದ್ರ ನಿನ್ನ ಮನೀಗೆ ಬಂತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀ ಮಾಡಿದ್ದಕ್ಕ ನನಗ ಸಿಟ್ಟ ಬರಬೇಕಿತ್ತ ಯಕ್ಕಾ. ಮುಂಜಾನಿಂದ ನೋಡಾಕತ್ತೀನಿ, ಬರವಲ್ದು. ಬರೇ ಹೊಟ್ಟಿ ಉರ್ಯಾಕತ್ತೈತಿ."

ನಾನು ಆಗ ಅವಳ ಕಾಲು ಹಿಡಿಯಬೇಕಿತ್ತು. ಎಷ್ಟು ಉರಿಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರಿದ್ದರು? ತಬ್ಬಿಕೊಂಡು ಅಳಬೇಕಿತ್ತು. ಅದನ್ನೂ ಆಮೇಲೆ ಮಾಡಿದೆ, ಇಬ್ಬರೂ ಅತ್ತೆವು, ಅವಳ ಕೈಯನ್ನು ನನ್ನ ಕೈಯ ಮೇಲಿಟ್ಟುಕೊಂಡು ಕೆಂದಿಗೆ ಅಂಬಲಿ ಕುಡಿಸಿದೆ. ಆದರೆ ಅವಳು ಆ ಮಾತು ಹೇಳಿದ ಕೂಡಲೇ, ಮಿಕ್ಕದ್ದೆಲ್ಲಕ್ಕಿಂತ ಮೊದಲು, ಸಿದ್ದವ್ವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ನನಗೆ ಸಂತೋಷವಾಗಿತ್ತು.